ಕರಾವಳಿಗೆ ಕಲ್ಲು ಹೊತ್ತ ಲಾರಿಗಳು

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಅತ್ತೆ ತನ್ನ ಕಿರಿಯ ಮಗನ ಲಾರಿಯ ಮುಂದೆ ರಸ್ತೆಯ ಮೇಲೆ ಕುಳಿತುಬಿಟ್ಟಳು. ಅಂದಿನಿಂದ ನಮ್ಮ ಮನೆ ಮೊದಲಿನಂತಾಗಲಿಲ್ಲ.

ನಮ್ಮೂರು ಕಲಘಟಗಿಯ ಹತ್ತಿರ, ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇತ್ತು. ಸಮುದ್ರದ ದಂಡೆಯಲ್ಲಿ ದೊಡ್ಡ ರೆಸಾರ್ಟು ಕಟ್ಟುತ್ತಾರೆಂಬ ಸುದ್ದಿ ಬಂದಿತ್ತು. ಮಂಜೂರಾತಿ ಸಿಗುವ ಮೊದಲೇ ಕಲ್ಲು, ಸಿಮೆಂಟು ಹೊತ್ತ ಲಾರಿಗಳು ಓಡತೊಡಗಿದವು. ಎದುರು ಬಸ್ಸು ಬಂದರೆ ಯಾರಾದರೊಬ್ಬರು ಮಣ್ಣಿಗಿಳಿಯಬೇಕಾದಂಥ ರಸ್ತೆ ಅದು. ಮನೆಗಳು ಈಚೆ, ಬಾವಿ ಆಚೆ. ಕೊಡ ಹೊತ್ತು ನಾವು ರಸ್ತೆಯ ದಂಡೆಗೆ ನಿಂತರೂ ಲಾರಿಯವರು ವೇಗ ತಗ್ಗಿಸುತ್ತಿರಲಿಲ್ಲ, ಹಾರ್ನು ಮಾತ್ರ ಬಾರಿಸುತ್ತಿದ್ದರು.

ಮೈದುನ ಆ ಲಾರಿಗಳ ಕಂತ್ರಾಟುದಾರನ ಹತ್ತಿರವೇ ಡ್ರೈವರ್ ಆಗಿ ಸೇರಿದ್ದ. ಅವನ ಲಾರಿಗೆ ಕುಂಕುಮ ಹಚ್ಚಿ ಕಾಯಿ ಒಡೆದವಳು ಅತ್ತೆಯೇ.

ಒಂದು ಮುಂಜಾನೆ ಬಾಜು ಮನೆಯ ಕಾಕಾ ಬಣ್ಣ ಹಚ್ಚಿದ ತೊಟ್ಟಿಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದರು. ಹಿಂದಿನಿಂದ ಬಂದ ಕಲ್ಲಿನ ಲಾರಿ ಒಂದು ಬಡಿದು, ನಿಲ್ಲದೆ ಹೋಯಿತು. ಕಾಕಾನ ಬಲಗೈ ಮಣಿಕಟ್ಟಿನಲ್ಲಿ ಜಜ್ಜಿಹೋಗಿತ್ತು. ತೊಟ್ಟಿಲಿಗೆ ಬಣ್ಣ ಹಚ್ಚಿ ಅವರು ಬದುಕುತ್ತಿದ್ದುದು ಅದೇ ಕೈಯಿಂದ.

ಊರವರು ಕೂಗಾಡಿದ ಮೇಲೆ ರೆಸಾರ್ಟು ಕಟ್ಟುವ ಕಂಪನಿಯ ಮನುಷ್ಯನೊಬ್ಬ ಚಾವಡಿಗೆ ಬಂದ. ರೆಸಾರ್ಟಿನ ಬಣ್ಣದ ಚಿತ್ರ ತೋರಿಸಿದ. ಮುಂದೆ ಪ್ರವಾಸಿಗರ ಕಾರು, ಬಸ್ಸು ಇದೇ ದಾರಿಯಲ್ಲಿ ಬರುತ್ತವೆ, ಊರು ಸುಧಾರಿಸುತ್ತದೆ ಎಂದ.

"ಈಗಿನ ಗಾಡಿಗೋಳ್ನ ಹಗೂರ ಓಡಸ್ರಿ ಮೊದಲ," ಎಂದಳು ಅತ್ತೆ.

"ರಸ್ತೆ ಸರ್ಕಾರದ್ದಮ್ಮ. ನೀವೇ ನೋಡಿಕೊಂಡು ದಾಟಬೇಕು."

"ಬಡದಾಂವ ಯಾರು?"

"ನಮ್ಮ ಲಾರಿ ಅನ್ನೋದಕ್ಕೆ ಏನು ಆಧಾರ?" ಎಂದು ಅವನು ಕಾರು ಹತ್ತಿದ.

ಆ ಸಂಜೆ ಊಟಕ್ಕೆ ಕೂತ ಮೈದುನನನ್ನು ಅತ್ತೆ ಅದನ್ನೇ ಕೇಳಿದಳು. ಅವನು ತಲೆ ಎತ್ತಲಿಲ್ಲ. "ನಂಗೇನ್ ಗೊತ್ತು, ಅವ್ವ?"

"ನಿಂಗ ಗೊತ್ತೈತಿ. ಮಾರಿ ಮ್ಯಾಲ ಕಾಣಾಕತ್ತೈತಿ."

"ಹೇಳಿದ್ರ ನನ್ನ ಕೆಲಸಾ ಹೊಕ್ಕೈತಿ."

ಗೋಡೆಯಾಚೆ ಕಾಕಾ ನರಳುವುದು ಕೇಳುತ್ತಿತ್ತು. ಮೈದುನ ಇನ್ನೊಂದು ರೊಟ್ಟಿ ಕೇಳಿದ. ಬಡಿಸಿದವಳು ನಾನು. ತಾಟನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತ್ತು.

ಮರುದಿನ ನಾವು ಹೆಂಗಸರು ರಸ್ತೆಗೆ ಅಡ್ಡ ಕಲ್ಲುಗಳನ್ನು ಉರುಳಿಸಿದೆವು. ಮೊದಲು ಬಂದದ್ದೇ ಮೈದುನನ ಲಾರಿ. ಅತ್ತೆ ಕಲ್ಲುಗಳ ನಡುವೆ ಕುಳಿತಳು.

"ಏಳ ಅವ್ವ, ಹಿಂದ ಗಾಡಿಗೋಳ ಸಾಲು ಹತ್ತೈತಿ."

"ಹತ್ತಲಿ. ಅವನ ಹೆಸರ ಹೇಳು, ಇಲ್ಲಾ ನನ್ನ ಮ್ಯಾಲ ಹಾಯ್ಸಿಕೊಂಡು ಹೋಗು."

ಅವನು ಕೆಳಗಿಳಿದ. ಊರೆಲ್ಲ ನೋಡುತ್ತಿತ್ತು, ಹಿಂದಿನ ಲಾರಿಯವರೂ ನೋಡುತ್ತಿದ್ದರು. ಕೊನೆಗೆ ಹೆಸರು ಹೇಳಿದ. ಹೇಳಿ, ಕೀಲಿಯನ್ನು ಅತ್ತೆಯ ಕಾಲ ಬಳಿ ಒಗೆದ. "ಸಮಾಧಾನ ಆತಿಲ್ಲೋ?"

"ಇಲ್ಲ," ಎಂದಳು ಅತ್ತೆ.

ಕಂತ್ರಾಟುದಾರ ಅಂದೇ ಅವನನ್ನು ಕೆಲಸದಿಂದ ಬಿಡಿಸಿದ. ಹೆಸರು ಬಂದ ಡ್ರೈವರು ಪರಾರಿಯಾದ. ಪೊಲೀಸರು ಬಂದು ಕಲ್ಲು ತೆಗೆಸಿದರು, ನಾವು ಮತ್ತೆ ಹಾಕಿದೆವು. ಅದು ಹಾಗೆಯೇ ನಡೆಯಿತು. ಮಳೆಗಾಲದ ಹೊತ್ತಿಗೆ ರೆಸಾರ್ಟಿಗೆ ಮಂಜೂರಾತಿ ಸಿಗಲಿಲ್ಲವೆಂದು ಲಾರಿಗಳು ತಾವಾಗಿಯೇ ನಿಂತವು. ನಾವು ಗೆದ್ದೆವೆಂದು ಯಾರೂ ಹೇಳಲಿಲ್ಲ. ಕಾಕಾ ಎಡಗೈಯಲ್ಲಿ ಕುಂಚ ಹಿಡಿದು ನೋಡಿದರು, ಗೆರೆ ಅಲುಗಾಡಿತು, ಬಿಟ್ಟರು.

ಮೈದುನ ಹೆಂಡತಿಯ ತವರಿನ ಕಡೆ ಹೋಗಿ ನೆಲೆಸಿದ. ಹಬ್ಬಕ್ಕೆ ಬಂದರೆ ಅತ್ತೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ತಾಯಿ ಅಷ್ಟು ಕಠಿಣ ಆಗಬಾರದಿತ್ತೆಂದು ನನ್ನ ಗಂಡ ಕೊನೆಯವರೆಗೂ ಹೇಳಿದರು. ನಾನು ಹಾಗೆ ಹೇಳುವವಳಲ್ಲ. ಗೋಡೆಯಾಚೆ ಕಾಕಾ ನರಳುತ್ತಿದ್ದಾಗ ಆ ರೊಟ್ಟಿ ಬಡಿಸಿದವಳು ನಾನು.