ಖಾಸದಾರನ ಖಾಲಿ ಕುರ್ಚಿ

ಭೂಕಂಪದ ನಂತರ ಕಟ್ಟಿದ, ಮರಾಠಿ ಸೀಮೆಯ ನಮ್ಮೂರು ಹೊಸ ಸಾಸ್ತೂರದಲ್ಲಿ, ನಮ್ಮ ಓಣಿಯೊಳಗೆ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕಾಳಿನ ಅಂಗಡಿಯವರು ನಾವು. ಹೆಂಗಸರು ಸಿನಿಮಾ ನೋಡಲು ಬರುತ್ತಿದ್ದರು. ನಾನು ಲೋಕಸಭೆ ಹಚ್ಚಿಸಿದೆ.

ಕಾರಣ ಪಕ್ಕದ ಮನೆಯವಳು. ಅವಳ ಗಂಡ ಭೂಕಂಪದಲ್ಲಿ ಸತ್ತ. ಅವಳಿಗೆ ಬರಬೇಕಾದ ಹೊಸ ಮನೆಯನ್ನು ಮೈದುನ ತನ್ನ ಹೆಸರಿಗೆ ಬರೆಸಿಕೊಂಡು ಅವಳನ್ನು ಅದರ ಹಿತ್ತಲಿನ ತಗಡಿನ ಶೆಡ್ಡಿಗೆ ಅಟ್ಟಿದ್ದ. ದಿಲ್ಲಿಗೆ ಆರಿಸಿ ಕಳಿಸಿದ ನಮ್ಮ ಖಾಸದಾರ, ಇಂಥ ವಿಧವೆಯರ ಬಗ್ಗೆ ಲೋಕಸಭೆಯಲ್ಲಿ ಕೇಳುತ್ತೇನೆಂದು ಮಾತು ಕೊಟ್ಟಿದ್ದ.

ನಾನು ಸಾಲಿ ಕಲಿತದ್ದು ಅಷ್ಟಕ್ಕಷ್ಟೆ. ಆದರೆ ಉದಗೀರದ ತವರಿನಲ್ಲಿ ದಖನಿ ಉರ್ದು ಮಾತಾಡಿ ಬೆಳೆದವಳು, ದಿಲ್ಲಿಯ ಹಿಂದಿ ತಿಳಿಯುತ್ತಿತ್ತು. ಸ್ಪೀಕರ್ ಕಾಣಿಸಿದರೆ ಸಾಕು, ಹಿರಿಯರೆಂದು ಎಲ್ಲರೂ ತಲೆ ಮೇಲೆ ಸೆರಗು ಎಳೆದುಕೊಳ್ಳುವರು.

"ಅಂವಗ ನೀವು ಕಾಣಂಗಿಲ್ಲ, ಹುಚ್ಚಿಗೋಳ್ರ್ಯಾ! ನೀವ ಅಂವನ್ನ ನೋಡ್ರಿ" ಎಂದು ಬೈದೆ.

ಪ್ರಶ್ನೆಯ ದಿನ ಬಂತು. ಪಕ್ಕದವಳು ಹತ್ತಿರದ ಮುರುಮ ಊರಿನಲ್ಲಿ ಒಂದು ಮದುವೆಗೆ ಹೋಳಿಗೆ ಮಾಡಲು ಹೋಗಿದ್ದಳು. ಸ್ಪೀಕರ್ ಖಾಸದಾರನ ಹೆಸರು ಕರೆದ. ಯಾರೂ ಏಳಲಿಲ್ಲ. ಕುರ್ಚಿ ಖಾಲಿ. ಮುಂದಿನವರ ಹೆಸರು ಕರೆದುಬಿಟ್ಟ.

ಕೆಲವು ದಿನಕ್ಕೆ ಖಾಸದಾರ ಸಮಾಜ ಮಂದಿರದ ಉದ್ಘಾಟನೆಗೆ ಬಂದ. ನಮ್ಮ ಕಡೆ ಮದುಮಗ ಹೆಂಡತಿಯ ಹೆಸರನ್ನು ಹಾಡಿನಲ್ಲಿ ಹೆಣೆದು ಹೇಳುವ ತನಕ ಹೆಂಗಸರು ಬಾಗಿಲು ಬಿಡುವುದಿಲ್ಲ. ಆರತಿ ಹಿಡಿದು ಹಾಗೆಯೇ ಅಡ್ಡ ನಿಂತೆವು.

"ಹೆಸರ ಹೇಳ್ರಿ, ಆಮ್ಯಾಗ ಒಳಗ!"

ಆತ ನಗುತ್ತ ಮರಾಠಿಯಲ್ಲಿ ಹೆಂಡತಿಯ ಹೆಸರು ಹೆಣೆದು ಹೇಳಿದ. ಚಪ್ಪಾಳೆ ಬಿತ್ತು. ನಾನು ಸರಿಯಲಿಲ್ಲ, ಪಕ್ಕದವಳ ಕೈ ಹಿಡಿದು ಮುಂದೆ ತಂದೆ.

"ಛಲೋ ಆತು. ಈಗ ಈಕಿ ಸಲುವಾಗಿ ದಿಲ್ಲ್ಯಾಗ ಏನ ಕೇಳಿದ್ರಿ, ಅದನ್ನೂ ಹೇಳ್ರಿ."

"ಕೇಳೀನಲ್ಲ ಆಯಿ, ಜೋರಲೇ ಕೇಳೀನಿ!"

"ನಿಮ್ಮ ಕುರ್ಚಿ ಕೇಳಿತೇನ್ರಿ? ಅದು ಖಾಲಿ ಇತ್ತು. ನಾವೆಲ್ಲಾ ಕುಂತ ನೋಡೀವಿ."

ಅವನ ಜೊತೆಯವನೊಬ್ಬ ಬಾಯಿ ಹಾಕಿದ: "ಸಾಹೇಬ್ರಿಗೆ ಅವತ್ತ ಜಡ್ಡಾಗಿತ್ತರೀ."

ಪಕ್ಕದವಳು ಸುಮ್ಮನಿರುವವಳು. ಅಂದು ಬಾಯಿ ಬಿಟ್ಟಳು: "ಎಂಥಾ ಜಡ್ಡು? ಮುರುಮದಾಗ ಮದವಿ ಊಟಕ್ಕ ಕುಂತಿದ್ರು. ಹೋಳಿಗಿ ಮಾಡಿದಾಕಿ ನಾನ. ಮತ್ತೊಂದು ಹಾಕ ಅಂದ್ರು."

ಗಂಡಸರೂ ಹೊಟ್ಟೆ ಹಿಡಿದು ನಕ್ಕರು. ಖಾಸದಾರನಿಗೂ ನಗದೆ ಗತಿ ಇರಲಿಲ್ಲ. "ಮುಂದಿನ ಸಲ ಎದ್ದ ನಿಂತು ಕೇಳ್ತೀನ್ರವ್ವಾ" ಎಂದ ಮೇಲೆ ದಾರಿ ಬಿಟ್ಟೆವು.

ಮುಂದಿನ ಅಧಿವೇಶನದಲ್ಲಿ ಎದ್ದು ನಿಂತ, ಕೇಳಿದ. ನಮ್ಮ ಪಡಸಾಲೆಯಲ್ಲಿ ಒಬ್ಬಳು ಸೀಟಿ ಹೊಡೆದಳು, ಯಾರೆಂದು ಹೇಳುವುದಿಲ್ಲ. ಮಂತ್ರಿ ವಿಚಾರಣೆಗೆ ಒಪ್ಪಿದ. ತಡವಾಗಿಯಾದರೂ ತಾಲೂಕಿನ ಊರು ಉಮರ್ಗಾದಿಂದ ಅಧಿಕಾರಿಗಳು ಬಂದು ವಿಚಾರಿಸಿದರು, ಮನೆ ಪಕ್ಕದವಳ ಹೆಸರಿಗಾಯಿತು.

ಅವಳು ಮೈದುನನನ್ನೇ ಮೊದಲು ಊಟಕ್ಕೆ ಕರೆದಳು. ಅವನು ತಾಟಿನ ಮುಂದೆ ಕುಳಿತು, ಒಲೆ ಅಲ್ಲಿರಬೇಕಿತ್ತು, ಕಿಟಕಿ ಇಲ್ಲಿ ಬೇಕಿತ್ತು ಎಂದು ಶುರುಮಾಡಿದ.

"ಮನಿ ನಂದು. ನೀ ಉಣ್ಣು" ಎಂದು ಮತ್ತಷ್ಟು ತುಪ್ಪ ಬಡಿಸಿದಳು.