ಸುಲಿಯದ ಕಾಯಿ ಉಂಟಾ?

“ಅಕ್ಕ, ಸುಲಿಯದ ಕಾಯಿ ಉಂಟಾ?” ಸಂಜೆ ಆರಕ್ಕೆ ನೆರೆಮನೆಯ ಧರ್ಣಪ್ಪಣ್ಣ ಅಂಗಳದಲ್ಲಿ ನಿಂತು ಕೇಳಿದರು. ಕುಡಿತ ಬಿಟ್ಟು ಮೂರು ತಿಂಗಳಾದರೂ ಆ ಹೊತ್ತಿಗೆ ಅವರಿಗೆ ಆಸೆ ಕೆರಳುತ್ತಿತ್ತು. ಅರ್ಧ ಗಂಟೆ ಕೈಗೆ ಕೆಲಸ ಕೊಟ್ಟರೆ ಅದು ಇಳಿಯುತ್ತದೆಂದು ಡಾಕ್ಟರು ಹೇಳಿದ್ದರಂತೆ. ಹಾಗಾಗಿ ದಿನವೂ ಬಂದು ನಮ್ಮ ತೆಂಗಿನಕಾಯಿ ಸುಲಿಯುತ್ತಿದ್ದರು.

“ಇದ್ದದ್ದೆಲ್ಲ ನೀವು ನಿನ್ನೆಯೇ ಸುಲಿದು ಮುಗಿಸಿದ್ದೀರಲ್ಲ ಅಣ್ಣ,” ಎಂದೆ. ಅವರ ಮುಖ ಬಾಡಿತು. ಕಣ್ಣು ಕಡಬ ಪೇಟೆಯ ಬಾರಿನ ದಾರಿಯತ್ತ ಹೊರಳಿತು. ನಾನು ಆಚೆಮನೆಗೆ ಓಡಿ, ಬುಟ್ಟಿ ತುಂಬ ಕಾಯಿ ಕೇಳಿ ತಂದೆ. ಅವರು ಕೊನೆಯದನ್ನು ಸುಲಿದು ಬೆವರೊರೆಸಿಕೊಂಡು, “ಇವತ್ತಿನದ್ದು ಆಯ್ತು,” ಎಂದು ನಕ್ಕರು.

ಈಗ ಅವರ ಆಸೆ ತಗ್ಗಿದೆ; ಬರುವುದು ವಾರಕ್ಕೆ ಎರಡೇ ದಿನ. ಉಳಿದ ದಿನ ಕಾಯಿ ನಾನೇ ಸುಲಿಯಬೇಕು. ಅಂಗೈಯಲ್ಲಿ ಗುಳ್ಳೆ ಎದ್ದಾಗಲೆಲ್ಲ ನನಗೆ ನಗು ಬರುತ್ತದೆ.