ಜಪಾನಿನ ತೂತು ಬೋಗುಣಿ

ಸ್ವರಾಜ್ಯ ಬಂದ ವರ್ಷ ಚಿಕ್ಕಪ್ಪ ದಂಡಿನಿಂದ ಮನೆಗೆ ಬಂದಾಗ ಅಜ್ಜಿ ಅವನನ್ನು ಜಗುಲಿಯ ಮೇಲೇ ನಿಲ್ಲಿಸಿದಳು. ಆರು ವರ್ಷ ಕಣ್ಣಿಗೆ ಬೀಳದಿದ್ದ ಮಗ. ಬರ್ಮಾದಲ್ಲಿ ಜಪಾನಿನವರ ಮೇಲೆ ಕಾದಾಡಿ, ಯುದ್ಧ ಮುಗಿದ ಮೇಲೆ ಅದೇ ಜಪಾನಿಗೆ ಕಾವಲಿಗೆ ಹೋಗಿ, ಕೊನೆಗೆ ದೊಡ್ಡಬಳ್ಳಾಪುರದಲ್ಲಿ ರೈಲಿಳಿದು ನಮ್ಮ ಹಳ್ಳಿಯವರೆಗೂ ಟ್ರಂಕು ಹೊತ್ತು ನಡೆದು ಬಂದಿದ್ದ. ಅಜ್ಜಿ ಅವನ ಕೆನ್ನೆ ಸವರಿದಳು, ಅತ್ತಳು, ಕಾಲಿಗೆ ನೀರು ಕೊಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ಸಮುದ್ರ ದಾಟಿ ಯಾರ್ಯಾರ ಮನೇಲಿ ಏನೇನ್ ತಿಂದ್ಯೋ ಏನೋ. ಅಯ್ನೋರು ಬಂದು ಶುದ್ಧಿ ಮಾಡೋಗಂಟ ಒಳಗಿನ ಪಂಕ್ತಿ ಬ್ಯಾಡ ಕಣಪ್ಪ" ಎಂದಳು.

"ತಪ್ಪು ಮಾಡಿದ್ರೆ ತಾನೇ ಶುದ್ಧಿ? ನಾನೇನ್ ತಪ್ಪು ಮಾಡಿದೀನಿ ಹೇಳವ್ವ" ಎಂದ ಚಿಕ್ಕಪ್ಪ.

ಅವಳು ಬಗ್ಗಲಿಲ್ಲ, ಇವನೂ ಬಗ್ಗಲಿಲ್ಲ. ಅಪ್ಪನಂತೂ ಅಜ್ಜಿಯ ಎದುರು ಬಾಯಿ ಬಿಡುವವನೇ ಅಲ್ಲ. ಚಿಕ್ಕಪ್ಪನಿಗೆ ಜಗುಲಿಯಲ್ಲಿ ಮುತ್ತುಗದ ಎಲೆ, ನಮಗೆಲ್ಲ ನಡುಮನೆಯಲ್ಲಿ ತಟ್ಟೆ. ಹತ್ತು ವರ್ಷದ ನನಗೆ ಮೂಗಿನ ತುದಿಯಲ್ಲೇ ಕೋಪ. ನಾನೂ ಜಗುಲಿಯಲ್ಲೇ ಉಣ್ಣುತ್ತೇನೆಂದು ರಂಪ ಮಾಡಿ ಬೆನ್ನಿಗೆ ಎರಡು ಗುದ್ದು ತಿಂದೆ. ಅಮ್ಮ ಮಾತ್ರ ದಿನವೂ ಬಿಸಿ ಮುದ್ದೆ ತೆಗೆದುಕೊಂಡು ಹೋಗಿ ಅವನ ಎದುರು ಕೂತಿರುತ್ತಿದ್ದಳು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಏಳು ವರ್ಷದ ಮೈದುನ. ತಲೆ ಬಾಚಿ ಬೆಳೆಸಿದವಳು. ಒಂದು ದಿನ ಅವಳ ಹತ್ತಿರ ಚಿಕ್ಕಪ್ಪ, "ಅತ್ಗೆ, ರಜ ಮುಗಿದ ಮೇಲೆ ವಾಪಸು ಹೋಗ್ಬಿಡ್ತೀನಿ. ಇನ್ನು ಈ ಕಡೆ ಬರಲ್ಲ" ಎಂದಿದ್ದು ನನ್ನ ಕಿವಿಗೂ ಬಿತ್ತು. ರಜ ಮುಗಿಯಲು ಹದಿನೈದು ದಿನವೂ ಉಳಿದಿರಲಿಲ್ಲ.

ಅವನು ಆ ದೇಶದಿಂದ ತಂದಿದ್ದು ಒಂದೇ ಸಾಮಾನು. ಉಣ್ಣೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಪಿಂಗಾಣಿ ಬೋಗುಣಿ. ಬೂದು ಮೈ, ಅಂಚಿಗೆ ತಿಳಿ ಹಸಿರು, ಒಡಲ ತುಂಬ ತೂತು. ಮಣ್ಣು ಹಸಿಯಿರುವಾಗಲೇ ಸಣ್ಣ ಚಾಕುವಿನಲ್ಲಿ ಒಂದೊಂದೇ ತೂತು ಕೊರೆದು ಆಮೇಲೆ ಸುಡುತ್ತಾರಂತೆ. ಕೈಯಲ್ಲಿ ಕೊರೆದಿದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ಭತ್ತದ ಕಾಳಿನಷ್ಟು, ಕೆಲವು ಹುಣಸೆ ಎಲೆಯಷ್ಟು. ಶೋಕಿಗೆ ಇಡುವುದಲ್ಲ, ಅಲ್ಲಿಯವರು ದಿನದ ಊಟಕ್ಕೇ ಬಳಸುವುದು ಎಂದು ಚಿಕ್ಕಪ್ಪ ಹೇಳಿದರೆ ಅಜ್ಜಿ ನಂಬಲಿಲ್ಲ.

"ಅಷ್ಟು ದೂರದಿಂದ ತೂತಾಗಿರೋದನ್ನ ಹೊತ್ಕೊಂಡ್ ಬಂದ್ಯಾ? ನಮ್ಮೂರ ಕುಂಬಾರನ್ನ ಕೇಳಿದ್ರೆ ಪುಕ್ಕಟೆ ಕೊಟ್ಟಿರೋನು."

ಹಾಗಾಗಿ ಬೋಗುಣಿಯೂ ಚಿಕ್ಕಪ್ಪನ ಜೊತೆ ಜಗುಲಿಯ ಗೂಡಿನಲ್ಲೇ ಉಳಿಯಿತು. ನಾನು ಒಮ್ಮೆ ಅದರಲ್ಲಿ ರಾಗಿ ತುಂಬಿಕೊಂಡು ಅಂಗಳ ದಾಟಲು ಹೋಗಿ ಕೋಳಿಗಳಿಗೆಲ್ಲ ಔತಣ ಮಾಡಿಸಿದೆ.

ಆಮೇಲೆ ಒಂದು ಬೆಳಿಗ್ಗೆ ಬಸ್ಸಾರಿಗೆಂದು ಒಲೆಯ ಮೇಲೆ ದಂಟಿನ ಸೊಪ್ಪು, ಅಲಸಂದೆ ಕಾಳು ಬೆಂದಿತ್ತು. ಕಟ್ಟು ಬಸಿಯಲು ನೋಡಿದರೆ ನಮ್ಮ ಬಿದಿರಿನ ಸಿಬ್ಬಲನ್ನು ಇಲಿ ಕಡಿದು ಹಾಕಿದೆ. ಅಜ್ಜಿ ಬಟ್ಟೆ ಹಿಡಿದು ಕುದಿಯುವ ಮಡಕೆ ಎತ್ತಿಯಾಗಿತ್ತು. "ಏನಾರ ತೂತಿರೋದು ತತ್ತಾರೇ, ಕೈ ಸುಡ್ತದೆ!" ಎಂದು ಕೂಗಿಕೊಂಡಳು. ಅಮ್ಮ ಜಗುಲಿಗೆ ಓಡಿ ಬೋಗುಣಿ ತಂದು, ತೊಳೆದು, ಹಿತ್ತಾಳೆ ಪಾತ್ರೆಯ ಬಾಯಿಗಿಟ್ಟಳು. ಅಜ್ಜಿ ನೋಡಿದಳು. ಆದರೆ ಮಡಕೆ ಹಿಡಿದುಕೊಂಡು ಜಗಳ ಆಡಲಾಗುತ್ತದೆಯೇ? ಸುರಿದುಬಿಟ್ಟಳು. ಕಟ್ಟು ಎಲ್ಲ ತೂತುಗಳಿಂದ ಒಟ್ಟಿಗೇ ಇಳಿಯಿತು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

ಆ ದಿನ ಅಜ್ಜಿಯೂ ಅದೇ ಸಾರು ಉಂಡಳು. ಮರುದಿನವೂ ಬೋಗುಣಿಯೇ ಆಯಿತು. ಹೊಸ ಸಿಬ್ಬಲು ತರುತ್ತೇನೆಂದು ಅಪ್ಪ ಹೊರಟಾಗ ಅಮ್ಮ, "ಈಗೇನವಸರ" ಎಂದು ಅವನನ್ನು ಹೊಲಕ್ಕೆ ಅಟ್ಟಿದಳು.

ಮೂರನೆಯ ದಿನ ಅಜ್ಜಿ ತಾನೇ ಅದನ್ನು ಬೂದಿ ಹಾಕಿ ತಿಕ್ಕಲು ಕೂತಳು. ತಿರುಗಿಸಿ ತಿರುಗಿಸಿ ಒಂದೊಂದು ತೂತಿನೊಳಗೂ ಬೆರಳಾಡಿಸಿದಳು. "ನೋಡೇ, ತೂತಿನ ಒಳ ಅಂಚೂ ನುಣ್ಣಗೆ ಸವರಿದಾರೆ. ಸೊಪ್ಪಿನ ನಾರು ಸಿಕ್ಕಲ್ಲ, ತೊಳೆಯೋಳ ಕೈ ಕುಯ್ಯಲ್ಲ. ಮಾಡಿದೋರು ಮುಸುರೆ ತಿಕ್ಕಿ ಬಲ್ಲೋರು" ಎಂದಳು ಅಮ್ಮನಿಗೆ. ಅಮ್ಮ, "ಹೌದು ಅತ್ತೆ. ಯಾರೋ ಏನೋ, ಕೇಳಿದ್ರೆ ಹೇಳ್ತಾನೆ" ಎಂದಳು, ಅಷ್ಟೇ.

ಅಜ್ಜಿ ಒದ್ದೆ ಬೋಗುಣಿ ಹಿಡಿದು ಹೊಸ್ತಿಲ ಹತ್ತಿರ ಬಂದಳು. ಚಿಕ್ಕಪ್ಪ ಎಲೆಯ ಮುಂದೆ ಕೂತಿದ್ದ.

"ಯಾರ್ಲಾ ಮಾಡಿದ್ದು ಇದನ್ನ?"

"ಒಬ್ಳು ಮುದುಕಿ ಅವ್ವ. ನಿನ್ನಷ್ಟೇ ವಯಸ್ಸು. ಬೋಗುಣಿ ಸುಡೋ ಅವಳ ಒಲೆ ಗೋಡೆ ಬಿದ್ದೋಗಿತ್ತು, ಕಟ್ಟಿಕೊಟ್ಟೆ. ಊರವರ ಜೊತೆ ಬೆರೀಬಾರದು ಅಂತ ನಮಗೆ ಹುಕುಂ ಇತ್ತು. ಆದ್ರೂ ಅವಳು ಕೈ ಹಿಡ್ಕೊಂಡು ಒಳಕ್ಕೆ ಕರ್ಕೊಂಡೋದ್ಲು. ಬೇಯಿಸಿದ ಸೊಪ್ಪು ಇದರಲ್ಲಿ ಹಾಕಿ ಮುಂದೆ ಇಟ್ಲು."

"ಮಕ್ಕಳು ಮರಿ?"

"ಗೋಡೆ ಹತ್ರ ಇಬ್ರು ಹುಡುಗ್ರ ಫೋಟೋ ಇತ್ತು. ದಂಡಿನ ಬಟ್ಟೆ ಹಾಕಿದ್ರು. ಅವುಕ್ಕೆ ಎಡೆ ಇಟ್ಟಿದ್ಲು, ಆಮೇಲೆ ನಂಗೆ ಬಡಿಸಿದ್ಲು."

"ನೀನು ಅವರ ಮೇಲೆ ಕಾದಾಡಿದೋನು ಅಂತ ಗೊತ್ತಿತ್ತಾ ಅವಳಿಗೆ?"

"ಮೈಮೇಲೆ ಅದೇ ಬಟ್ಟೆ ಇತ್ತಲ್ಲವ್ವ."

ಅಜ್ಜಿ ಎಲೆಯ ಮುಂದೆ ಕೂತಿದ್ದ ಮಗನನ್ನೇ ನೋಡಿದಳು. ಬೋಗುಣಿಯ ನೀರು ಅವಳ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ, "ಅವಳ ಮಕ್ಕಳು ಬರ್ಲೇ ಇಲ್ಲ. ನನ್ನ ಮಗ ಬಂದ. ಬಂದೋನನ್ನ ನಾನು ಇಲ್ಲಿ ಕೂರಿಸ್ಬಿಟ್ಟೆನಲ್ಲಾ" ಎಂದು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಅತ್ತಳು. ಅಮ್ಮ ಯಾರನ್ನೂ ಕೇಳದೆ ಜಗುಲಿಯ ಎಲೆ ಎತ್ತಿ ತಂದು ನಡುಮನೆಯಲ್ಲಿ ಹಾಕಿದಳು.

ಅಯ್ನೋರನ್ನು ಯಾರೂ ಕರೆಸಲಿಲ್ಲ. ಚಿಕ್ಕಪ್ಪ ಬಿಡುಗಡೆಯ ಕಾಗದ ತರಿಸಿಕೊಂಡ, ದಂಡಿಗೆ ಮರಳಲಿಲ್ಲ; ನಮ್ಮ ಹೊಲವನ್ನೇ ಉತ್ತು, ನನ್ನ ಮದುವೆಯಲ್ಲಿ ಓಡಾಡಿ, ನನ್ನ ಮಕ್ಕಳನ್ನೂ ಹೆಗಲ ಮೇಲೆ ಹೊತ್ತ. ಅಮ್ಮನ ಜಾಣತನಕ್ಕೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ನಾನು ಕಾಣದ ಆ ಮುದುಕಿಗೂ. ಅವಳು ಊಟ ಹಾಕದೆ ಇದ್ದಿದ್ದರೆ ನನಗೆ ಚಿಕ್ಕಪ್ಪ ಉಳಿಯುತ್ತಿರಲಿಲ್ಲ.

ಆ ವರ್ಷ ಹಿರಿಯರ ಹಬ್ಬದಲ್ಲಿ ಅಜ್ಜಿ ನಮ್ಮ ಮನೆಯ ಹಿರಿಯರಿಗೆಲ್ಲ ಎಡೆ ಹಾಕಿ, ಪಕ್ಕದಲ್ಲಿ ಇನ್ನೂ ಎರಡು ಎಲೆ ಹಾಸಿದಳು. ಇವು ಯಾರಿಗೆ ಎಂದು ಅಪ್ಪ ಕೇಳಿದ.

"ನನ್ನ ಮಗನಿಗೆ ಅನ್ನ ಇಕ್ಕಿದೋಳ ಮಕ್ಕಳಿಗೆ" ಎಂದು ಹೇಳಿ ಅಜ್ಜಿ ಎರಡಕ್ಕೂ ಬಡಿಸಿದಳು.